ಜ್ವರಕ್ಕೆ ಆಗ ಒಂದೇ ಹೆಸರಿತ್ತು: ವಾಲ್ವ್ ಸೋಂಕು ಆರು ವಾರ ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆ?

ಪ್ರಶ್ನೆ: ಡಾಕ್ಟರೇ, ನಾವು ಶಿಡ್ಲಘಟ್ಟದವರು. ಮನೆ ಹಿಂದೆಯೇ ನಾಲ್ಕು ಬೇಸಿನ್ ಇಟ್ಟುಕೊಂಡು ರೇಷ್ಮೆ ನೂಲು ತೆಗೆಯುತ್ತೇವೆ, ಎರಡು ಹಸು ಇವೆ. ನಮ್ಮ ಯಜಮಾನರಿಗೆ ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತಂತೆ. ಆಮೇಲೆ ಹಾರ್ಟ್ ವಾಲ್ವ್ ಸ್ವಲ್ಪ ಲೀಕ್ ಇದೆ ಅಂದಿದ್ದರು. ಇಪ್ಪತ್ತೈದು ವರ್ಷ ವಯಸ್ಸಾಗುವವರೆಗೆ ಪೆನಿಡ್ಯೂರ್ ಇಂಜೆಕ್ಷನ್ ಹಾಕಿಸಿಕೊಂಡು ಬಿಟ್ಟುಬಿಟ್ಟರು. 2021ರ ಏಪ್ರಿಲ್‌ನಲ್ಲಿ ಕೊರೊನಾ ಲಸಿಕೆಯ ಮೊದಲ ಡೋಸ್ ಆಯಿತು, ಆಗ ಅವರಿಗೆ 47 ವರ್ಷ. ಮೇ ಮೊದಲ ವಾರ ಜ್ವರ ಶುರುವಾಯಿತು. ಎರಡು ಸಲ ಟೆಸ್ಟ್ ಮಾಡಿಸಿದರೂ ನೆಗೆಟಿವ್. ಸಿಟಿ ಸ್ಕ್ಯಾನ್‌ನಲ್ಲಿ ಸ್ವಲ್ಪ ಇದೆ, ಕೊರೊನಾನೇ ಅಂತ ಹೇಳಿ ಅಜಿತ್ರೊಮೈಸಿನ್, ಡಾಕ್ಸಿ, ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಜ್ವರ ಬಿಡುವುದು, ನಾಲ್ಕು ದಿನಕ್ಕೆ ಮತ್ತೆ ಬರುವುದು. ಹೀಗೇ ಆರು ವಾರ. ಎಂಟು ಕೆಜಿ ಇಳಿದರು. ಲಾಕ್‌ಡೌನ್, ಎಲ್ಲಿಗೆ ಹೋಗೋಣ? ಜೂನ್‌ನಲ್ಲಿ ಒಂದು ಬೆಳಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿ ಬಿತ್ತು, ಮಾತು ತೊದಲಿತು. ಬೆಂಗಳೂರಿಗೆ ಕರೆದುಕೊಂಡು ಹೋದ ಮೇಲೆ ಎಕೋದಲ್ಲಿ (ಹಾರ್ಟಿನ ಸ್ಕ್ಯಾನ್) ವಾಲ್ವ್ ಮೇಲೆ 14 ಮಿಲಿಮೀಟರ್ ಗಂಟು ಇದೆ, ಅದು ಸೋಂಕು ಅಂದರು. ಆಪರೇಷನ್ ಆಗಿ ಲೋಹದ ವಾಲ್ವ್ ಹಾಕಿದ್ದಾರೆ. ನಡೆಯುತ್ತಾರೆ, ಮಾತಾಡುತ್ತಾರೆ. ಆದರೆ ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಲು ಆ ಬೆರಳಿಗೆ ಆಗುವುದಿಲ್ಲ. ಆರು ವಾರ ಸುಮ್ನೆ ಕೂತಿದ್ದು ನನ್ನ ತಪ್ಪಾ? ಲಸಿಕೆಯಿಂದಲೇ ಹೀಗಾಯಿತು ಅಂತ ಮೈದುನ ಹೇಳುತ್ತಾನೆ, ನಿಜವಾ? ಕೊಳೆತ ದವಡೆ ಹಲ್ಲೊಂದು ಕೀಳಿಸಬೇಕು. ಲೋಹದ ವಾಲ್ವ್ ಇರುವವರು ಹಲ್ಲು ಮುಟ್ಟಿಸಲೇಬಾರದು ಅನ್ನುತ್ತಾರೆ. ಇನ್ನೊಂದು ವಿಷಯ, ಹತ್ತು ದಿನದಿಂದ ಸಂಜೆ ಹೊತ್ತು ಮತ್ತೆ ಮೈ ಬೆಚ್ಚಗಾಗುತ್ತಿದೆ. ಇಲ್ಲಿನ ಕ್ಲಿನಿಕ್‌ನಲ್ಲಿ ವಿಡಾಲ್ ಟೆಸ್ಟ್ ನೋಡಿ ಟೈಫಾಯ್ಡ್ ಅಂದರು. ಎರಡು ಇಂಜೆಕ್ಷನ್ ಆಗಿದೆ.

ಉತ್ತರ: ನೀವು ಪತ್ರದ ಕೊನೆಯಲ್ಲಿ ಬರೆದದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ ಅಮ್ಮ. ಲೋಹದ ವಾಲ್ವ್ ಇರುವವರಿಗೆ ಹತ್ತು ದಿನದಿಂದ ಜ್ವರ ಅಂದರೆ ಅದು ಕಾದು ನೋಡುವ ಜ್ವರ ಅಲ್ಲ. ಪತ್ರ ಓದಿದ ಸಂಜೆಯೇ ನಿಮಗೆ ಫೋನ್ ಮಾಡಿದ್ದೆ. ಉಸಿರಾಟ ಸರಿಯಿದೆಯಾ, ಚಳಿ ನಡುಕ ಇದೆಯಾ, ಕೈಕಾಲಲ್ಲಿ ಹೊಸದಾಗಿ ಏನಾದರೂ ಸೋಲು ಇದೆಯಾ ಅಂತ ಕೇಳಿದೆ. ಅದೇನೂ ಇಲ್ಲ ಅಂದಿರಿ. ಹಾಗಾದರೆ ಮೂರನೇ ಇಂಜೆಕ್ಷನ್ ಈಗ ಬೇಡ, ಬೆಳಗ್ಗೆಯೇ ಹೊರಡಿ, ರಕ್ತದ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇವೆಯಾ ಅಂತ ಬಾಟ್ಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡುವ ಆಸ್ಪತ್ರೆಗೇ ಹೋಗಿ ಅಂದೆ. ಹೋಗಿದ್ದೀರಿ, ಒಳ್ಳೆಯದಾಯಿತು. ಇದನ್ನು ಬರೆಯುವ ಹೊತ್ತಿಗೆ ಮೂರು ಜೊತೆ ಬಾಟ್ಲಿ ಮೆಷಿನ್‌ನಲ್ಲಿವೆ. ಎರಡು ದಿನ ಕಳೆದಿದೆ, ಇನ್ನೂ ಏನೂ ಬೆಳೆದಿಲ್ಲ. ಮುಂದೇನು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮನಸ್ಸಿನಲ್ಲಿ ಇಷ್ಟು ವರ್ಷದಿಂದ ಕೂತಿರುವ ಪ್ರಶ್ನೆ.

ತಪ್ಪು ನಿಮ್ಮದಲ್ಲ. ಸಮಾಧಾನಕ್ಕೆ ಹೇಳುವ ಮಾತು ಅಂದುಕೊಳ್ಳಬೇಡಿ, ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ವಾಲ್ವ್ ಅಂದರೆ ಹಾರ್ಟಿನ ಒಳಗಿನ ಬಾಗಿಲು. ತೆಳ್ಳಗೆ, ನಯವಾಗಿ ಇರುತ್ತದೆ. ನಮ್ಮೆಲ್ಲರ ರಕ್ತಕ್ಕೂ ಬ್ಯಾಕ್ಟೀರಿಯಾ ಆಗಾಗ ನುಗ್ಗುತ್ತವೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೂ ಸಾಕು. ವಾಲ್ವ್ ನಯವಾಗಿದ್ದರೆ ಅವು ಜಾರಿ ಹೋಗುತ್ತವೆ, ಒಂದಷ್ಟು ಹೊತ್ತಿಗೆ ಸತ್ತೂ ಹೋಗುತ್ತವೆ. ನಿಮ್ಮ ಯಜಮಾನರ ವಾಲ್ವ್ ಹಾಗಿರಲಿಲ್ಲ. ಚಿಕ್ಕಂದಿನ ಆ ಕೀಲಿನ ಜ್ವರ, ಅಂದರೆ ರುಮಾಟಿಕ್ ಜ್ವರ, ಅದನ್ನು ಒರಟು ಮಾಡಿ ಹೋಗಿತ್ತು. ಒರಟು ಜಾಗದಲ್ಲಿ ರಕ್ತ ರಭಸವಾಗಿ ಹಾಯುವಾಗ ಸಣ್ಣ ಹೆಪ್ಪು ಕೂರುತ್ತದೆ. ಆ ಹೆಪ್ಪಿಗೆ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ. ಅದರ ಮೇಲೆ ಮತ್ತೆ ಹೆಪ್ಪು, ಹೆಪ್ಪಿನೊಳಗೆ ಮತ್ತಷ್ಟು ಬ್ಯಾಕ್ಟೀರಿಯಾ. ಹೀಗೆ ಪದರ ಪದರವಾಗಿ ಬೆಳೆದದ್ದೇ ಎಕೋದಲ್ಲಿ ಕಂಡ ಗಂಟು. ಈ ಕಾಯಿಲೆಗೆ ಎಂಡೊಕಾರ್ಡೈಟಿಸ್ ಅನ್ನುತ್ತಾರೆ.

ಈ ಗಂಟಿನೊಳಗೆ ರಕ್ತನಾಳ ಇಲ್ಲ. ದೇಹದ ಕಾವಲು ಕಣಗಳು ಒಳಗೆ ಹೋಗಲಾರವು. ಔಷಧಿಯೂ ಕಷ್ಟಪಟ್ಟೇ ಒಳಗಿಳಿಯುತ್ತದೆ. ಅದಕ್ಕೇ ನಾಲ್ಕರಿಂದ ಆರು ವಾರ, ಜಾಸ್ತಿ ಪ್ರಮಾಣದಲ್ಲಿ, ಸಾಮಾನ್ಯವಾಗಿ ರಕ್ತನಾಳದ ಮೂಲಕವೇ ಕೊಡಬೇಕು. ಐದು ದಿನದ ಅಜಿತ್ರೊಮೈಸಿನ್ ಏನು ಮಾಡುತ್ತದೆ ಹೇಳಿ? ರಕ್ತದಲ್ಲಿ ತೇಲುತ್ತಿರುವ ಒಂದಷ್ಟನ್ನು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಗಂಟಿನೊಳಗೆ ಬೂದಿ ಮುಚ್ಚಿದ ಕೆಂಡ ಹಾಗೇ ಇರುತ್ತದೆ. ಮಾತ್ರೆ ಮುಗಿದ ನಾಲ್ಕನೇ ದಿನ ಜ್ವರ ವಾಪಸ್. ನೀವು ಬರೆದಿರುವುದು ಅಕ್ಷರಶಃ ಇದನ್ನೇ.

ಈಗ ಆ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಎರಡನೇ ಅಲೆ. ಜ್ವರ, ಸುಸ್ತು, ಊಟ ಸೇರದಿರುವುದು, ಏದುಸಿರು, ರಕ್ತದಲ್ಲಿ ಉರಿಯೂತ ಸೂಚಿಸುವ ಸಿಆರ್‌ಪಿ ಏರಿರುವುದು. ಇವೆಲ್ಲ ಕೊರೊನಾದಲ್ಲೂ ಇದ್ದವು, ವಾಲ್ವ್ ಸೋಂಕಿನಲ್ಲೂ ಇರುತ್ತವೆ. ಟೆಸ್ಟ್ ನೆಗೆಟಿವ್ ಬಂದರೂ ಕೊರೊನಾ ಇರಬಹುದು ಅನ್ನುವುದು ಆಗ ನಿಜವೇ ಆಗಿತ್ತು, ಅದರಲ್ಲಿ ಔಷಧಿ ಕೊಟ್ಟ ವೈದ್ಯರ ತಪ್ಪಿಲ್ಲ. ಸಿಟಿಯಲ್ಲಿ ಕಂಡ ಆ "ಸ್ವಲ್ಪ" ಏನಿತ್ತು ಅಂತ ಈಗ ಹೇಳುವುದು ಕಷ್ಟ. ವಾಲ್ವ್ ಜಾಸ್ತಿ ಸೋರಲು ಶುರುವಾದಾಗ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ಅದೂ ಸ್ಕ್ಯಾನ್‌ನಲ್ಲಿ ಬಿಳಿ ಮಬ್ಬಾಗಿಯೇ ಕಾಣುತ್ತದೆ. ಆಮೇಲೆ ಸ್ಟೀರಾಯ್ಡ್. ಆಕ್ಸಿಜನ್ ಬೇಕಾಗಿದ್ದ ಕೊರೊನಾ ರೋಗಿಗಳಿಗೆ ಅದು ಜೀವ ಉಳಿಸಿದ ಔಷಧಿ. ಆಕ್ಸಿಜನ್ ಬೇಕಿಲ್ಲದವರಿಗೆ ಅದರಿಂದ ಲಾಭವಿರಲಿಲ್ಲ. ವಾಲ್ವ್‌ನಲ್ಲಿ ಬ್ಯಾಕ್ಟೀರಿಯಾ ಕೂತಿರುವವರಿಗೆ ಕೊಟ್ಟರೆ ಜ್ವರ ಅಡಗುತ್ತದೆ, ಊಟ ಸೇರುತ್ತದೆ, ಮನೆಯವರಿಗೆ ಗುಣವಾದ ಹಾಗೆ ಕಾಣುತ್ತದೆ. ಒಳಗೆ ಸೋಂಕಿಗೆ ದಾರಿ ಸಲೀಸಾಗುತ್ತದೆ.

ಹಾಗಾದರೆ ಅನುಮಾನ ಬರಬೇಕಾಗಿದ್ದದ್ದು ಎಲ್ಲಿ? ಎರಡು ಜಾಗದಲ್ಲಿ. ಕೊರೊನಾ ಜ್ವರ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಒಂದು ದಡ ಮುಟ್ಟುತ್ತಿತ್ತು. ಆರು ವಾರ ಹೋಗಿ ಬಂದು ಮಾಡುತ್ತಿರಲಿಲ್ಲ. ಎರಡನೆಯದು, ಹಳೇ ವಾಲ್ವ್ ಸಮಸ್ಯೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೂರನೇ ವಾರಕ್ಕೇ ಎಕೋ ಮಾಡಿಸಬೇಕು ಅನ್ನಿಸಬೇಕಿತ್ತು. ಆದರೆ ಒಟ್ಟಿಗೆ ಇಟ್ಟು ನೋಡುವುದು ವೈದ್ಯರ ಕೆಲಸ, ಹೆಂಡತಿಯದಲ್ಲ.

ನಮ್ಮ ಕಡೆಯಿಂದ ಏನೇನು ಕೈತಪ್ಪಿತು ಅಂತ ಹೇಳಬೇಕು. ಜನರಿಗೆ ಇದು ಗೊತ್ತಿಲ್ಲ. ವಾಲ್ವ್ ಸೋಂಕು ಹಿಡಿಯಲು ನಮಗೆ ಮೂರು ಸಾಧನ ಇವೆ: ಸ್ಟೆತಸ್ಕೋಪ್, ರಕ್ತದ ಕಲ್ಚರ್, ಎಕೋ. ಕೊರೊನಾ ಕಾಲದಲ್ಲಿ ಮೂರೂ ಕೈಗೆ ಸಿಗದ ಹಾಗಾಯಿತು.

ಸ್ಟೆತಸ್ಕೋಪ್‌ನಿಂದ ಶುರು ಮಾಡುತ್ತೇನೆ. ಪಿಪಿಇ, ಅಂದರೆ ಮೈತುಂಬ ಮುಚ್ಚುವ ರಕ್ಷಣಾ ಉಡುಪು, ಹಾಕಿಕೊಂಡರೆ ಕಿವಿ ಒಳಗೆ ಮುಚ್ಚಿಹೋಗುತ್ತದೆ, ಸ್ಟೆತಸ್ಕೋಪ್ ಹೊರಗೆ ಉಳಿಯುತ್ತದೆ. 2020ರ ಆಗಸ್ಟ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ವಾರ್ಡಿಗೆ ಮೂವತ್ತೊಂದು ವರ್ಷದ ಹೆಣ್ಣುಮಗಳೊಬ್ಬಳು ಬಂದಳು. ಬಂಗಾರಪೇಟೆ ಕಡೆಯವಳು. ಜ್ವರ, ಎಡಗಡೆ ಪಕ್ಕೆಯ ಕೆಳಗೆ ನೋವು. ಶಂಕಿತರ ವಾರ್ಡಿನಲ್ಲಿ ಮಲಗಿಸಿದೆವು. ದಿನಕ್ಕೆ ಎರಡು ಸಲ ಹೋಗಿ ಆಕ್ಸಿಜನ್ ನೋಡುತ್ತಿದ್ದೆ, ನಾಡಿ ನೋಡುತ್ತಿದ್ದೆ, ಎರಡೆರಡು ಗ್ಲೌಸ್ ಮೇಲಿಂದ. ನಾಲ್ಕನೇ ದಿನ ರಿಪೋರ್ಟ್ ನೆಗೆಟಿವ್ ಬಂತು. ಬೇರೆ ವಾರ್ಡಿಗೆ ಕರೆದುಕೊಂಡು ಬಂದು ಮೊದಲ ಸಲ ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಮರ್ಮರ್ (ಕೆಟ್ಟ ವಾಲ್ವ್ ಮೂಲಕ ರಕ್ತ ಹಾಯುವ ಸದ್ದು) ಎಷ್ಟು ಜೋರಾಗಿತ್ತು ಅಂದರೆ ಮೊದಲ ವರ್ಷದ ವಿದ್ಯಾರ್ಥಿಗೂ ಕೇಳಿಸುತ್ತಿತ್ತು. ಪಕ್ಕೆ ನೋವು ವಾಲ್ವ್‌ನಿಂದ ಒಂದು ಚೂರು ಹೋಗಿ ಗುಲ್ಮದಲ್ಲಿ (ಸ್ಪ್ಲೀನ್) ಸಿಕ್ಕಿಕೊಂಡದ್ದು. ನಾಲ್ಕು ದಿನ ನನ್ನ ಕಣ್ಣೆದುರಿಗೇ ಇತ್ತು. ಅವಳು ಆಪರೇಷನ್ ಆಗಿ ಉಳಿದಳು. ಆ ನಾಲ್ಕು ದಿನ ನನಗೆ ಇವತ್ತಿಗೂ ಮರೆತಿಲ್ಲ.

ಎರಡನೆಯದು ಕಲ್ಚರ್. ಇದು ಸಾಮಾನ್ಯ ರಕ್ತ ಪರೀಕ್ಷೆ ಅಲ್ಲ. ಚಿಕ್ಕ ಬಾಟ್ಲಿ, ತಳದಲ್ಲಿ ಬ್ಯಾಕ್ಟೀರಿಯಾಗೆ ಊಟವಾಗುವ ತಿಳಿ ದ್ರವ. ತೋಳನ್ನು ಚೆನ್ನಾಗಿ ಒರೆಸಿ, ಒಣಗುವವರೆಗೆ ಕಾದು, ಒಂದೊಂದು ಬಾಟ್ಲಿಗೆ ಎಂಟರಿಂದ ಹತ್ತು ಎಂಎಲ್ ರಕ್ತ ಹಾಕಬೇಕು. ಹೀಗೆ ಬೇರೆ ಬೇರೆ ಜಾಗದಿಂದ ಮೂರು ಸಲ. ಬಾಟ್ಲಿ ಮೆಷಿನ್ ಒಳಗೆ ಬೆಚ್ಚಗೆ ಕೂರುತ್ತದೆ. ಬ್ಯಾಕ್ಟೀರಿಯಾ ಬೆಳೆದು ಗಾಳಿ ಬಿಟ್ಟರೆ ತಳದ ಬಣ್ಣ ಬದಲಾಗಿ ಮೆಷಿನ್ ಕೂಗುತ್ತದೆ. ಇಷ್ಟೇ. ಆದರೆ ಒಂದು ಷರತ್ತು ಇದೆ: ಆ್ಯಂಟಿಬಯೋಟಿಕ್ ಕೊಡುವ ಮೊದಲು ತೆಗೆಯಬೇಕು. ಕೊಟ್ಟ ಮೇಲೆ ತೆಗೆದರೆ ಬಾಟ್ಲಿಯಲ್ಲಿ ಏನೂ ಬೆಳೆಯದೇ ಇರುವ ಸಾಧ್ಯತೆ ತುಂಬಾ ಜಾಸ್ತಿ. 2020, 2021ರಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತುವ ಮುಂಚೆಯೇ ಊರಿಗೆ ಊರೇ ಅಜಿತ್ರೊಮೈಸಿನ್, ಡಾಕ್ಸಿ ನುಂಗಿತ್ತು. ಲ್ಯಾಬಿನ ಹುಡುಗರೆಲ್ಲ ಆರ್‌ಟಿಪಿಸಿಆರ್ ಕೆಲಸಕ್ಕೆ ಹೋಗಿದ್ದರು. ನಿಮ್ಮ ಯಜಮಾನರ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಆಪರೇಷನ್‌ನಲ್ಲಿ ತೆಗೆದ ವಾಲ್ವ್ ತುಣುಕನ್ನು ಪರೀಕ್ಷಿಸಿದ ಮೇಲೆಯೇ ಸ್ಟ್ರೆಪ್ಟೊಕಾಕಸ್ ಅಂತ ಗೊತ್ತಾದದ್ದು. ನೀವು ಕಳಿಸಿದ ಡಿಸ್ಚಾರ್ಜ್ ಚೀಟಿಯಲ್ಲಿ ಹಾಗೇ ಇದೆ.

ಮೂರನೆಯದು ಎಕೋ. ಎದೆ ಮೇಲಿಂದ ಮಾಡುವ ಎಕೋದಲ್ಲಿ ಚಿಕ್ಕ ಗಂಟು ತಪ್ಪಿಹೋಗಬಹುದು. ಗಂಟಲಿನ ಮೂಲಕ ಕೊಳವೆ ಇಳಿಸಿ ಮಾಡುವ ಎಕೋದಲ್ಲಿ ಬಹುಪಾಲು ಸಿಗುತ್ತದೆ. ಆದರೆ ಗಂಟಲಿಗೆ ಕೊಳವೆ ಹಾಕಿದಾಗ ಕೆಮ್ಮು ಬರುತ್ತದೆ, ಗಾಳಿಯಲ್ಲಿ ಹನಿ ಹರಡುತ್ತದೆ. ಆದ್ದರಿಂದ ಆ ಪರೀಕ್ಷೆಯನ್ನು ಆದಷ್ಟು ಮುಂದೂಡಿ ಅಂತ ಹಲವು ದೇಶಗಳ ವೈದ್ಯ ಸಂಘಗಳು ಹೇಳಿದ್ದವು. ಆಗ ಅದು ಸರಿಯಾದ ಮಾತೇ. ಅದಕ್ಕೆ ಬೆಲೆ ತೆತ್ತವರು ಮಾತ್ರ ಇಂಥ ರೋಗಿಗಳು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2020ರ ಮೊದಲ ಅಲೆಯ ನಂತರ ಯುರೋಪಿನ ಹಲವು ಆಸ್ಪತ್ರೆಗಳು ಒಂದೇ ಥರದ ಮಾತು ಬರೆದವು. ವಾಲ್ವ್ ಸೋಂಕು ಅಂತ ಪತ್ತೆಯಾಗುವವರ ಸಂಖ್ಯೆ ಇಳಿಯಿತು. ಕಾಯಿಲೆ ಕಡಿಮೆಯಾಗಿ ಅಲ್ಲ, ಜನ ಬರದೇ. ಬಂದವರು ತಡವಾಗಿ ಬಂದರು. ಅವರಲ್ಲಿ ವಾಲ್ವ್ ಹರಿದವರು, ಮಿದುಳಿಗೆ ಚೂರು ಹೋದವರು ಜಾಸ್ತಿ ಇದ್ದರು. ಕೆಲವು ಕಡೆ ಸಾವೂ ಏರಿತು. ಎಲ್ಲ ಕಡೆ ಹಾಗಾಗಲಿಲ್ಲ, ಅದನ್ನೂ ಹೇಳಬೇಕು. ಹಾರ್ಟ್ ಡಾಕ್ಟರ್, ಸರ್ಜನ್, ಸೋಂಕಿನ ಡಾಕ್ಟರ್ ಮೂವರೂ ಫೋನಿನಲ್ಲಾದರೂ ದಿನಾ ಮಾತಾಡಿಕೊಂಡು ಕೆಲಸ ಮಾಡಿದ ಕಡೆ ಅಷ್ಟು ಹದಗೆಡಲಿಲ್ಲ ಅನ್ನುವುದು ನಾನು ಕಂಡದ್ದು. ಅಂದಹಾಗೆ, ಒಳ್ಳೆಯ ದಿನಗಳಲ್ಲೂ ಇದು ಸಣ್ಣ ಕಾಯಿಲೆ ಅಲ್ಲ. ಸರಿಯಾದ ಚಿಕಿತ್ಸೆ ಸಿಕ್ಕಿದರೂ ಆಸ್ಪತ್ರೆ ಸೇರಿದ ಐವರಲ್ಲಿ ಸುಮಾರು ಒಬ್ಬರನ್ನು ಕಳೆದುಕೊಳ್ಳುತ್ತೇವೆ.

ನೀವು ನೇರವಾಗಿ ಕೇಳದೇ ಇರುವ ಪ್ರಶ್ನೆ ಒಂದಿದೆ: ಬೇಗ ಗೊತ್ತಾಗಿದ್ದರೆ ಕೈ ಉಳಿಯುತ್ತಿತ್ತಾ? ಉಳಿಯುವ ಸಾಧ್ಯತೆ ಜಾಸ್ತಿ ಇತ್ತು. ಇದನ್ನು ಮುಚ್ಚಿಡುವುದಿಲ್ಲ. ಗಂಟಿನಿಂದ ಚೂರು ಕಿತ್ತು ಹೋಗುವ ಅಪಾಯ ಚಿಕಿತ್ಸೆ ಶುರುವಾಗುವ ಮೊದಲು, ಮತ್ತು ಶುರುವಾದ ಮೊದಲ ಎರಡು ವಾರದಲ್ಲಿ ಜಾಸ್ತಿ. ಆಮೇಲೆ ಬೇಗ ಇಳಿಯುತ್ತದೆ. ಮೇ ಕೊನೆಗೆ ಸರಿಯಾದ ಔಷಧಿ ಶುರುವಾಗಿದ್ದರೆ ಆ ಜೂನ್ ಬೆಳಗ್ಗೆ ಲೋಟ ಬೀಳದೇ ಇರಬಹುದಿತ್ತು. ಬೀಳಲೂಬಹುದಿತ್ತು, ಕೆಲವರಿಗೆ ಮೊದಲ ಲಕ್ಷಣವೇ ಲಕ್ವ. ಆದರೆ ಆ ಬಾಗಿಲಿನ ಕೀಲಿಕೈ ನಿಮ್ಮ ಹತ್ತಿರ ಇರಲೇ ಇಲ್ಲ. ನೀವು ಎರಡು ಸಲ ಟೆಸ್ಟ್ ಮಾಡಿಸಿದ್ದೀರಿ, ಸ್ಕ್ಯಾನ್ ಮಾಡಿಸಿದ್ದೀರಿ, ಕೊಟ್ಟ ಔಷಧಿ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೀರಿ. ಕೈ ಸೋತ ದಿನವೇ ಬೆಂಗಳೂರು ಮುಟ್ಟಿಸಿದ್ದೀರಿ. ಅಲ್ಲಿಯೂ ಒಂದು ಒಳ್ಳೆಯದಾಗಿದೆ. ಸಾಮಾನ್ಯ ಲಕ್ವಕ್ಕೆ ಕೊಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ ವಾಲ್ವ್ ಸೋಂಕಿನಲ್ಲಿ ಕೊಟ್ಟರೆ ಮಿದುಳಲ್ಲಿ ರಕ್ತಸ್ರಾವ ಆಗುವ ಭಯ ಇದೆ. ಜ್ವರ ಆರು ವಾರದಿಂದ ಇದೆ ಅಂತ ನೀವು ಬಾಗಿಲಲ್ಲೇ ಹೇಳಿದ್ದರಿಂದ ಅವರು ಅದನ್ನು ಕೊಡದೆ ಮೊದಲು ಎಕೋ ಮಾಡಿದರು. ಆ ಒಂದು ಮಾತು ನಿಮ್ಮ ಯಜಮಾನರನ್ನು ಉಳಿಸಿರಬಹುದು.

ಲಸಿಕೆ ವಿಷಯ. ನಿಮ್ಮ ಮೈದುನ ಹೀಗೆ ಅಂದುಕೊಳ್ಳುವುದು ಸಹಜ. ಲಸಿಕೆ ಏಪ್ರಿಲ್‌ನಲ್ಲಿ, ಜ್ವರ ಮೇನಲ್ಲಿ, ಮುಂದೆ ಲಕ್ವ. ಆದರೆ ಲಸಿಕೆಯಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಅವರ ವಾಲ್ವ್‌ನಲ್ಲಿ ಸಿಕ್ಕಿದ್ದು ಬಾಯಲ್ಲಿ ವಾಸ ಮಾಡುವ ಸ್ಟ್ರೆಪ್ಟೊಕಾಕಸ್. ಅದು ಲಸಿಕೆಯ ಸೂಜಿಯಿಂದ ಬರುವುದಲ್ಲ. ಕೊರೊನಾ ಲಸಿಕೆಗಳಿಗೆ ಅಡ್ಡ ಪರಿಣಾಮವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಕೊಟ್ಟ ಕೋವಿಶೀಲ್ಡ್‌ನಿಂದ ತೀರಾ ವಿರಳವಾಗಿ, ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟಿದ್ದುಂಟು. ಹೊರದೇಶಗಳಲ್ಲಿ ಕೊಟ್ಟ ಎಂಆರ್‌ಎನ್‌ಎ ಲಸಿಕೆಯಿಂದ ಕೆಲವು ಯುವಕರಿಗೆ ಹಾರ್ಟಿನ ಮಾಂಸಖಂಡ ಊದಿಕೊಂಡದ್ದುಂಟು. ಎರಡೂ ಬೇರೆ ಕಾಯಿಲೆಗಳು. ವಾಲ್ವ್ ಮೇಲೆ ಬ್ಯಾಕ್ಟೀರಿಯಾದ ಗಂಟು ಬೆಳೆಯುವುದಕ್ಕೂ ಅವಕ್ಕೂ ಸಂಬಂಧವಿಲ್ಲ. ಮೈದುನನಿಗೆ ಆ ಡಿಸ್ಚಾರ್ಜ್ ಚೀಟಿಯ ಎರಡನೇ ಪುಟ ತೋರಿಸಿ.

ಕೊರೊನಾ ವೈರಸ್ಸೇ ವಾಲ್ವ್ ತಿಂದಿತು ಅಂತಲೂ ಕೆಲವರು ನನ್ನನ್ನು ಕೇಳುತ್ತಾರೆ. ಹಾಗೂ ಅಲ್ಲ. ಅದು ದಾರಿ ಮಾಡಿಕೊಟ್ಟದ್ದು ಬೇರೆ ರೀತಿಯಲ್ಲಿ. ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರ ಕುತ್ತಿಗೆಯ ರಕ್ತನಾಳಕ್ಕೆ ದೊಡ್ಡ ಲೈನ್ (ಕೊಳವೆ) ಹಾಕಿರುತ್ತಿದ್ದರು, ಕೆಲವರಿಗೆ ಡಯಾಲಿಸಿಸ್, ಮೇಲೆ ಸ್ಟೀರಾಯ್ಡ್. ಆ ಲೈನ್ ಹಿಡಿದು ಸ್ಟೆಫೈಲೊಕಾಕಸ್‌ನಂಥ ಜೋರು ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದರೆ ವಾಲ್ವ್‌ವರೆಗೆ ಹೋಗಬಲ್ಲವು. ಅಂಥವರು ಗುಣವಾಗಿ ಮನೆಗೆ ಬಂದ ಮೇಲೆ ಮತ್ತೆ ಜ್ವರ ಬಂದರೆ ಅದೂ ಅನುಮಾನ ಪಡಬೇಕಾದ ಜ್ವರ. ನಿಮ್ಮ ಯಜಮಾನರ ಕಥೆ ಇದಲ್ಲ. ಅವರ ಬ್ಯಾಕ್ಟೀರಿಯಾ ಬಾಯಿಂದ ಬಂದದ್ದು, ಬಹುಶಃ ಆ ದವಡೆ ಹಲ್ಲಿನಿಂದಲೇ.

ಪೆನಿಡ್ಯೂರ್ ಬಿಟ್ಟದ್ದೇ ಕಾರಣ ಇರಬಹುದಾ ಅಂತ ಫೋನಿನಲ್ಲಿ ಕೇಳಿದಿರಿ. ಅಲ್ಲ. ಆ ಇಂಜೆಕ್ಷನ್ ರುಮಾಟಿಕ್ ಜ್ವರ ಮರುಕಳಿಸದಂತೆ ತಡೆಯುತ್ತದೆ, ವಾಲ್ವ್ ಸೋಂಕನ್ನು ತಡೆಯುವುದಿಲ್ಲ. ಹಾಗಂತ ಈ ಮಾತು ಓದಿ ಯಾರೂ ಮಕ್ಕಳಿಗೆ ಪೆನಿಡ್ಯೂರ್ ನಿಲ್ಲಿಸಬೇಡಿ. ಇಪ್ಪತ್ತೊಂದು ದಿನಕ್ಕೊಮ್ಮೆ ತಪ್ಪದೆ ಹಾಕಿಸಿ. ಲಾಕ್‌ಡೌನ್‌ನಲ್ಲಿ ತಪ್ಪಿಸಿಕೊಂಡು, ಆಮೇಲೆ ಹಾಗೇ ಬಿಟ್ಟವರನ್ನು ನಾನು ಕಂಡಿದ್ದೇನೆ.

ಈಗಿನ ಜ್ವರಕ್ಕೆ ಬರೋಣ.

ನನಗೆ ಬೇಜಾರಾಗುವುದು ಏನೆಂದರೆ, 2021ರಲ್ಲಿ ಆದದ್ದೇ ಮತ್ತೆ ಆಗುತ್ತಿತ್ತು. ಆಗ ಜ್ವರಕ್ಕೆ ಕೊರೊನಾ ಅಂತ ಒಂದೇ ಹೆಸರಿತ್ತು. ಈಗ ಟೈಫಾಯ್ಡ್. ವಿಡಾಲ್ ಟೆಸ್ಟ್ ಒಂದು ಸಲ ಮಾಡಿಸಿ ಟೈಫಾಯ್ಡ್ ಅಂತ ಹೇಳಲು ಆಗುವುದಿಲ್ಲ. ಹಿಂದೆ ಯಾವಾಗಲೋ ಬಂದು ಹೋಗಿದ್ದರೂ ಅದು ಪಾಸಿಟಿವ್ ಬರುತ್ತದೆ, ಬೇರೆ ಜ್ವರದಲ್ಲೂ ಬರುತ್ತದೆ. ಟೈಫಾಯ್ಡ್ ಖಚಿತ ಮಾಡುವುದೂ ರಕ್ತದ ಕಲ್ಚರ್‌ನಿಂದಲೇ. ಇನ್ನೊಂದು ಅಪಾಯ ಏನು ಗೊತ್ತಾ? ಟೈಫಾಯ್ಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ವಾಲ್ವ್ ಸೋಂಕಿಗೂ ಕೊಡುವ ಔಷಧಿ. ಏಳು ದಿನ ಹಾಕಿದರೆ ಜ್ವರ ಬಿಡುತ್ತದೆ, "ನೋಡಿ, ಟೈಫಾಯ್ಡೇ" ಅನ್ನಿಸುತ್ತದೆ. ವಾಲ್ವ್‌ಗೆ ಏಳು ದಿನ ಎಲ್ಲಿ ಸಾಕು?

ಅದು ವಾಲ್ವ್ ಸೋಂಕೇ ಅಂತ ನಾನೂ ಈಗಲೇ ಹೆಸರಿಡುವುದಿಲ್ಲ. ನಮ್ಮ ಕಡೆ ಡೆಂಗ್ಯೂ ಇದೆ, ಪೊದೆಯ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇದೆ, ಮೂತ್ರದ ಸೋಂಕಿರಬಹುದು. ನಿಮ್ಮ ಮನೆಯಲ್ಲಿ ಹಸು ಇವೆ. ಕರು ಹಾಕಿಸುವಾಗ, ಸತ್ತೆ (ಮಾಸು) ತೆಗೆಯುವಾಗ ಬರಿಗೈ ಹಾಕಿದ್ದರೆ, ಕಾಯಿಸದ ಹಾಲು ಕುಡಿದಿದ್ದರೆ ಬ್ರುಸೆಲ್ಲಾ, ಕ್ಯೂ ಜ್ವರದಂಥವು ಬರಬಹುದು. ಇವು ವಾಲ್ವ್‌ನಲ್ಲೂ ಕೂರುತ್ತವೆ. ಕ್ಯೂ ಜ್ವರದ ಬ್ಯಾಕ್ಟೀರಿಯಾ ಕಲ್ಚರ್ ಬಾಟ್ಲಿಯಲ್ಲಿ ಬೆಳೆಯುವುದೇ ಇಲ್ಲ, ಬ್ರುಸೆಲ್ಲಾ ನಿಧಾನ. ಎರಡಕ್ಕೂ ಬೇರೆ ರಕ್ತ ಪರೀಕ್ಷೆ ಇದೆ. ವೈದ್ಯರು ಕೇಳದಿದ್ದರೂ "ಮನೆಯಲ್ಲಿ ಹಸು ಇದೆ" ಅಂತ ನೀವೇ ಹೇಳಿ. ಅವರ ಕೈಯನ್ನೂ ತೋರಿಸಿ. ವಾಲ್ವ್ ಸೋಂಕಿನಲ್ಲಿ ಉಗುರಿನ ಕೆಳಗೆ ಸಿಬಿರು ಚುಚ್ಚಿದ ಹಾಗೆ ಸಣ್ಣ ಕಪ್ಪು ಗೆರೆ ಬರುತ್ತವೆ. ರೀಲಿಂಗ್ ಮಾಡುವವರ ಉಗುರು ಬಿಸಿನೀರಲ್ಲಿ ಬೆಂದು ಸೀಳಿರುವುದರಿಂದ ನಮ್ಮ ಕಣ್ಣಿಗೆ ಗೊತ್ತಾಗುವುದು ಕಷ್ಟ. ಯಾವುದು ಹಳೇದು, ಯಾವುದು ಹೊಸದು ಅಂತ ಅವರಿಗೇ ಗೊತ್ತು.

ಈಗ ಆಸ್ಪತ್ರೆಯವರ ಮುಂದೆ ಎರಡು ದಾರಿ ಇವೆ. ಒಂದು, ಆ್ಯಂಟಿಬಯೋಟಿಕ್ ಕೊಡದೆ ಒಳಗೇ ಇಟ್ಟುಕೊಂಡು, ಎರಡು ಮೂರು ದಿನ ಬಿಟ್ಟು ಮತ್ತೆ ರಕ್ತ ತೆಗೆಯುವುದು. ಕ್ಲಿನಿಕ್‌ನಲ್ಲಿ ಹಾಕಿದ ಎರಡು ಇಂಜೆಕ್ಷನ್‌ನ ಪ್ರಭಾವ ಹೋದ ಮೇಲೆ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆ ಹೆಚ್ಚು. ಇದರ ಅಪಾಯ, ನಿಜಕ್ಕೂ ಸೋಂಕಿದ್ದರೆ ಆ ದಿನಗಳಲ್ಲಿ ಅದು ಬೆಳೆಯುತ್ತದೆ. ಹಾಗಾಗಿ ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ. ಎರಡು, ಈಗಲೇ ಪೂರ್ತಿ ಚಿಕಿತ್ಸೆ ಶುರು ಮಾಡುವುದು. ಉಸಿರಾಟ ಕೆಟ್ಟರೆ, ಚಳಿ ನಡುಕ ಬಂದರೆ, ಇಸಿಜಿಯಲ್ಲಿ ಹೊಸ ಬದಲಾವಣೆ ಕಂಡರೆ ಕಾಯುವ ಪ್ರಶ್ನೆಯೇ ಇಲ್ಲ, ಇದೇ ದಾರಿ. ಇದರ ಅಪಾಯ, ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿಲ್ಲದೆ ಎರಡು ಮೂರು ಜೋರು ಔಷಧಿ ಆರು ವಾರ ಕೊಡಬೇಕಾಗುತ್ತದೆ. ಜೆಂಟಾಮೈಸಿನ್ ಕಿಡ್ನಿಗೂ ಕಿವಿಗೂ ತೊಂದರೆ ಮಾಡಬಹುದು, ವ್ಯಾಂಕೊಮೈಸಿನ್‌ಗೂ ರಕ್ತದ ಮಟ್ಟ ನೋಡುತ್ತಿರಬೇಕು. ಅವರು ಸ್ಥಿರವಾಗಿದ್ದಾರೆ ಅಂತ ನನಗೆ ಹೇಳಿದ್ದಾರೆ, ಹಾಗಾಗಿ ನನ್ನ ಒಲವು ಮೊದಲನೆಯದಕ್ಕೆ. ಆದರೆ ಹಾಸಿಗೆ ಪಕ್ಕ 24 ಗಂಟೆ ನಿಂತಿರುವವರ ಮಾತೇ ಕೊನೆಯದು.

ಎಕೋ "ನಾರ್ಮಲ್" ಬಂದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಲೋಹದ ವಾಲ್ವ್ ಎಕೋದಲ್ಲಿ ನೆರಳು ಬಿಡುತ್ತದೆ, ನೆರಳಿನ ಹಿಂದೆ ಇರುವುದು ಕಾಣದು. ಅವರಿಗೆ ಗಂಟಲಿನ ಎಕೋ ಬೇಕೇ ಬೇಕು. ಅನುಮಾನ ಉಳಿದರೆ ಐದರಿಂದ ಏಳು ದಿನ ಬಿಟ್ಟು ಮತ್ತೆ ಮಾಡಬೇಕು. ಸೋಂಕಿರುವ ಜಾಗ ತೋರಿಸಬಲ್ಲ ಪೆಟ್ ಸ್ಕ್ಯಾನ್ ಸೌಲಭ್ಯವೂ ಬೆಂಗಳೂರಿನಲ್ಲಿ ಇದೆ.

ಮತ್ತೆ ಆರು ವಾರ ಬೆಂಗಳೂರಿನಲ್ಲಿ ಇರಬೇಕಾದರೆ ಬೇಸಿನ್ ನೋಡಿಕೊಳ್ಳುವವರು ಯಾರು ಅಂತ ಕೇಳಿದಿರಿ. ಡೆನ್ಮಾರ್ಕ್‌ನಲ್ಲಿ 400 ರೋಗಿಗಳ ಮೇಲೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನಿಷ್ಠ ಹತ್ತು ದಿನ ರಕ್ತನಾಳದ ಮೂಲಕ ಔಷಧಿ ಕೊಟ್ಟು, ಚೆನ್ನಾಗಿ ಸುಧಾರಿಸಿದವರಿಗೆ ಉಳಿದ ದಿನ ಮಾತ್ರೆ ಕೊಟ್ಟರೂ ಫಲಿತಾಂಶ ಕೆಡಲಿಲ್ಲ. ಬೆಡ್ ಸಿಗದ ಕೊರೊನಾ ದಿನಗಳಲ್ಲಿ ಈ ದಾರಿ ಹಿಡಿಯಲು ವೈದ್ಯರಿಗೆ ಧೈರ್ಯ ಬಂತು. ಆದರೆ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿದ್ದರೆ ಮಾತ್ರ ಸರಿಯಾದ ಮಾತ್ರೆ ಆರಿಸಬಹುದು. ಮತ್ತೆ ಅದೇ ಬಾಟ್ಲಿಯ ಮಾತಿಗೇ ಬಂದೆವು. ಖರ್ಚಿಗೆ, ನಿಮ್ಮದು ಬಿಪಿಎಲ್ ಕಾರ್ಡ್ ಆದ್ದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಈಗಲೇ ಮಾಡಿಸಿಟ್ಟುಕೊಳ್ಳಿ.

ಕ್ಲಿನಿಕ್ ಇಂಜೆಕ್ಷನ್ ಬಗ್ಗೆ ಒಂದು ಮಾತು. ನಿಮ್ಮ ಯಜಮಾನರು ಹೆಪ್ಪುಗಟ್ಟದಂತೆ ಅಸಿಟ್ರಾಮ್ ಮಾತ್ರೆ ನುಂಗುತ್ತಾರೆ, ರಕ್ತ ತೆಳುವಾಗಿರುತ್ತದೆ. ಸೊಂಟಕ್ಕೆ ಹಾಕುವ ಇಂಜೆಕ್ಷನ್‌ನಿಂದ ಮಾಂಸದೊಳಗೆ ರಕ್ತ ತುಂಬಿಕೊಳ್ಳಬಹುದು. ಮೈಕೈ ನೋವಿಗೆ ಕೊಡುವ ಡೈಕ್ಲೊಫೆನಾಕ್ ಸೇರಿದರೆ ಹೊಟ್ಟೆಯಲ್ಲೂ ರಕ್ತಸ್ರಾವ ಆಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆ್ಯಂಟಿಬಯೋಟಿಕ್ ಶುರುವಾದರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅನ್ನುವ ಅಳತೆ) ಏರುಪೇರಾಗುತ್ತದೆ, ಆಗ ಬೇಗ ಬೇಗ ಪರೀಕ್ಷೆ ಮಾಡಿಸಿ.

ಕೊನೆಗೆ ಹಲ್ಲು. ಮುಟ್ಟಿಸಬಾರದು ಅನ್ನುವುದು ತಪ್ಪು, ಕೊಳೆತ ಹಲ್ಲು ಬಾಯಲ್ಲಿ ಉಳಿಯುವುದೇ ಹೆಚ್ಚು ಅಪಾಯ. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬಂದ ಕಂದು ಕಲೆಗೆ ಹೆದರಬೇಡಿ, ಅದು ವಾಲ್ವ್‌ಗೆ ಏನೂ ಮಾಡುವುದಿಲ್ಲ. ಹುಳುಕು ಮತ್ತು ರಕ್ತ ಬರುವ ವಸಡು ಮಾಡುತ್ತವೆ. ಈ ಜ್ವರದ ಕಾರಣ ಗೊತ್ತಾಗುವವರೆಗೆ ತಡೆಯಿರಿ. ಆಮೇಲೆ ಕೀಳಿಸುವ ಅರ್ಧದಿಂದ ಒಂದು ಗಂಟೆ ಮೊದಲು 2 ಗ್ರಾಂ ಅಮಾಕ್ಸಿಸಿಲಿನ್, ಒಂದೇ ಸಲ. ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆ ಇದೆ, ಇವರಿಗೆ ಇಲ್ಲ. ಅಸಿಟ್ರಾಮ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಲೋಹದ ವಾಲ್ವ್ ಮೇಲೆ ಹೆಪ್ಪು ಕೂತರೆ ಮತ್ತೆ ಲಕ್ವ. ಹಿಂದಿನ ದಿನ ಐಎನ್‌ಆರ್ ನೋಡಿಸಿ, ಹಲ್ಲಿನ ಡಾಕ್ಟರಿಗೆ ತೋರಿಸಿ. ಹೊಲಿಗೆ ಹಾಕಿ, ರಕ್ತ ನಿಲ್ಲಿಸುವ ದ್ರಾವಣದಲ್ಲಿ ಬಾಯಿ ಮುಕ್ಕಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಒಂದು ಗಟ್ಟಿ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಬರೆದು ಅವರ ಜೇಬಿನಲ್ಲಿ ಇಡಿ: "ನನಗೆ ಲೋಹದ ವಾಲ್ವ್ ಇದೆ. ಹಿಂದೆ ವಾಲ್ವ್ ಸೋಂಕು ಆಗಿತ್ತು. ಅಸಿಟ್ರಾಮ್ ತೆಗೆದುಕೊಳ್ಳುತ್ತೇನೆ. ಜ್ವರ ಇದ್ದರೆ ಆ್ಯಂಟಿಬಯೋಟಿಕ್ ಕೊಡುವ ಮೊದಲು ದಯವಿಟ್ಟು ಮೂರು ಸಲ ರಕ್ತದ ಕಲ್ಚರ್ ತೆಗೆಯಿರಿ." ಕೆಳಗೆ ನಿಮ್ಮ ಫೋನ್ ನಂಬರ್ ಇರಲಿ. ಬಾಟ್ಲಿಗಳಿಗೆ ಐದು ದಿನ ತುಂಬುವುದು ಶುಕ್ರವಾರ. ಆ ರಿಪೋರ್ಟ್ ಬಂದ ತಕ್ಷಣ ಫೋಟೊ ಕಳಿಸಿ, ಎಷ್ಟೇ ಹೊತ್ತಾಗಿದ್ದರೂ ಸರಿ.